ಹಂತಿ ಹಾಡಿದಾಕಿ

೭ ಜುಲೈ ೨೦೨೪, ರವಿವಾರ. ಆಳಂದ

ಬಿಸಿನೀರು, ಉಪ್ಪು, ಮತ್ತೆ ಬಿಸಿನೀರು. ಇದರಿಂದ ಏನೂ ಆಗೋದಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ಆದರೂ ಬೆಳಿಗ್ಗೆ ಎದ್ದ ಕೂಡಲೇ ಮಾಡುತ್ತೇನೆ. ಕೆಟ್ಟಿದ್ದು ಗಂಟಲಲ್ಲ, ನರ. ಥೈರಾಯ್ಡ್ ಗಡ್ಡೆ ತೆಗೆದ ಮೇಲೆ ಎಡಗಡೆಯ ಸ್ವರತಂತು ಅಲ್ಲಾಡುತ್ತಿಲ್ಲ. ಆಪರೇಶನ್ ಚೆನ್ನಾಗೇ ಆಯ್ತು, ಕೆಲವರಿಗೆ ಹೀಗಾಗುತ್ತದೆ, ಆರು ತಿಂಗಳು ಕಾಯಿರಿ ಅಂದರು. ಕಾಯುತ್ತಿದ್ದೇನೆ.

ಬಾಯಿ ತೆರೆದರೆ ಗಾಳಿ. ವಕೀಲಳ ಬಾಯಲ್ಲಿ ಗಾಳಿ...

ಸತೀಶ ಇವತ್ತು ಭೂಸನೂರಿಗೆ ಹೋಗಲಿಲ್ಲ. ಫ್ಯಾಕ್ಟರಿ ಲ್ಯಾಬಿಗೆ ರಜಾ. ಉಪ್ಪಿಟ್ಟು ಮಾಡಿದರು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಗಂಡ ನನ್ನ ತುಟಿ ನೋಡುವುದು ಕಲಿತ. ನಾನು ನಕ್ಕರೆ ಅದನ್ನೂ ಅರ್ಥ ಮಾಡಿಕೊಳ್ಳಲು ನೋಡುತ್ತಾರೆ, ಪಾಪ.

ಮಧ್ಯಾಹ್ನ ಅಫಜಲಪುರದಿಂದ ದೀಪಾಲಿ ಬಂದಳು. ಲಾ ಕಾಲೇಜು ಅರ್ಧಕ್ಕೆ ಬಿಟ್ಟು ಬ್ಯಾಂಕು ಸೇರಿದವಳು, ನನ್ನನ್ನು ಮಾತ್ರ ಬಿಡಲಿಲ್ಲ. ಸ್ವಲ್ಪ ಹೊತ್ತು ನನ್ನ ಪಿಸುಮಾತು ಕೇಳಿ ಅಂದಳು: "ಯಶು, ಮಾತಾಡಾಕ ಆಗಂಗಿಲ್ಲ ಅಂದ್ರ ಬರಿ. ಕಾಲೇಜಿನಾಗ ಎಲ್ಲಾರ ಕಿವ್ಯಾಗ ನಿನ್ನ ಹಾಡೋ ಹೆಂಗಸರನ್ನ ತುರುಕ್ತಿದ್ದೆಲ್ಲ, ಈಗ ತುರುಕು."

ಅಲ್ಲೇ ಕೂತು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದಳು. ಹೆಸರು— ಕೇಳಿ ನೋಡ್ರಿ. ಅವಳ ಬ್ಯಾಂಕಿನವರು, ನನ್ನ ಬಾರ್‌ನ ವಕೀಲರು, ಅವರಿವರು. ಪ್ರತಿ ರವಿವಾರ ಒಂದು ಆಲ್ಬಮ್. ಜನ ಹೆಚ್ಚು ಕೇಳದ, ಆದರೆ ಒಮ್ಮೆ ಕೇಳಿದರೆ ಮರೆಯದ ಹೆಣ್ಣುದನಿ.

ಮೊದಲನೇದು ಹಾಕಿದೆ. ಗೋದಾಬಾಯಿ, ಅಕ್ಕಲಕೋಟ ಕಡೆಯವಳು. 'ಹಿಟ್ಟಿನ ಹಾಡು'. ಬೀಸುವಾಗ ಹಾಡುವ ಮರಾಠಿ ಓವಿಗಳು. ಬರೆದದ್ದು: "ಮೂಗಿನಲ್ಲಿ ಹಾಡುತ್ತಾಳೆ. ನಡುನಡುವೆ ಉಸಿರು ಎಳೆಯೋದು ಕೇಳಿಸುತ್ತದೆ. ಯಾರೂ ಅದನ್ನು ತೆಗೆದುಹಾಕಿಲ್ಲ. ಅದಕ್ಕೇ ಕೇಳಿ."

೧೪ ಜುಲೈ, ರವಿವಾರ

ಬಾರ್‌ನ ಹಿರಿಯರು ವ್ಯಂಕಟೇಶ ಸರ್ ಗ್ರೂಪಿಗೆ ಬರೆದಿದ್ದಾರೆ: "ಓವಿ ಕೇಳಿದೆ. ನಮ್ಮವ್ವ ನೆನಪಾದಳು. ಮುಂದಿನದು ಯಾವುದು?" ಕೋರ್ಟಿನಲ್ಲಿ ಹತ್ತು ವರ್ಷ ನನ್ನ ವಿರುದ್ಧವೇ ನಿಂತ ಮನುಷ್ಯ. ಒಂದೇ ಒಂದು ಸಲ ಮೆಚ್ಚಿದ್ದಿಲ್ಲ.

ಇವತ್ತಿನದು ಜುಲೇಖಾ ಬೀದರಿ, 'ಖಾಲಿ ಹಥೇಲಿ', ಅಂದರೆ ಬರಿ ಅಂಗೈ. ಗಜಲ್. ದನಿ ಹರಿದ ರೇಶ್ಮೆಯ ಅಂಚಿನ ಹಾಗೆ, ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಅಲ್ಲೇ ಚೆಂದ.

ಬರೆಯುವಾಗ ಗಂಟಲು ನೆನಪಾಗಲಿಲ್ಲ. ದೀಪಾಲಿಗೆ ಥ್ಯಾಂಕ್ಸ್ ಹೇಳಬೇಕು. ಹೇಳಿದರೆ ಬೈತಾಳೆ.

೨೯ ಜುಲೈ, ಸೋಮವಾರ

ಮಹಾನಂದಾ ಬಂದಿದ್ದಳು. ಜೀವನಾಂಶದ ಕೇಸು. ಗಂಡ ಇನ್ನೊಂದು ಮನೆ ಮಾಡಿದ್ದಾನೆ, ಇವಳು ಕಬ್ಬು ಕಡಿಯಲು ಹೋಗುತ್ತಾಳೆ. ಎದುರಿಗೆ ವ್ಯಂಕಟೇಶ ಸರ್. ಎರಡು ಸಲ ವಾಯಿದೆ ತಗೊಂಡಿದ್ದೇನೆ, ಇನ್ನು ಕೇಳಲು ನಾಚಿಕೆ.

ಕಾಗದದ ಮೇಲೆ ಬರೆದು ತೋರಿಸಿದೆ— ಬೇರೆ ವಕೀಲರ ಕಡೆ ಕೊಡುತ್ತೇನೆ, ಚಲೋ ಹುಡುಗ ಇದ್ದಾನೆ. ಅವಳಿಗೆ ಓದಲು ಬರುವುದಿಲ್ಲ. ಅದೂ ಮರೆತಿದ್ದೆ. ಕಿವಿಯ ಹತ್ತಿರ ಹೋಗಿ ಪಿಸುಗುಟ್ಟಿದೆ.

"ಬ್ಯಾಡ್ರಿ ಮೇಡಂ," ಅಂದಳು. "ನೀವs ನಿಲ್ರಿ. ನಿಮ್ಮ ದನಿ ಬರೋತನ ನಾ ತಡೀತೇನಿ."

ಬರದಿದ್ದರೆ? ಕೇಳಲಿಲ್ಲ. ಕೇಳಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ.

೪ ಆಗಸ್ಟ್, ರವಿವಾರ

ಅಪ್ಪನ ಟ್ರಂಕು ತೆಗೆದೆ. ಅಪ್ಪ— ಭಗವಂತ, ಆಳಂದದ ಅಡತಿಯಲ್ಲಿ ಚೀಲ ಹೊತ್ತವನು— ತನ್ನ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಕೊಳ್ಳದ ತಿಂಗಳಿಲ್ಲ. ನನ್ನ ಲಾ ಡಿಗ್ರಿ ನೋಡಿದ, ಕೋರ್ಟು ನೋಡಲಿಲ್ಲ.

ಇವತ್ತಿನ ಆಯ್ಕೆ ಆ ಟ್ರಂಕಿನದೇ. ನೀಲಮ್ಮ ಕಲ್ಲೂರ, ತತ್ವಪದಗಳು. ಎಂದೂ ಮೇಲಿನ ಸ್ವರಕ್ಕೆ ಹೋಗುವುದಿಲ್ಲ, ಹೋಗಬೇಕೆಂದು ಅನಿಸುವುದೂ ಇಲ್ಲ. ಕ್ಯಾಸೆಟ್ ಟ್ರಂಕಿನಲ್ಲೇ ಇಟ್ಟು ಫೋಟೋ ಹೊಡೆದು ಹಾಕಿದೆ.

ಸಂಜೆ ಗ್ರೂಪಿನಲ್ಲಿ ಒಬ್ಬರ ಮೆಸೇಜು. ಅಂಬಾರಾಯ, ಜೇವರ್ಗಿಯಲ್ಲಿ ಹೈಸ್ಕೂಲ್ ಮಾಸ್ತರರು, ಊರು ಚೌಡಾಪುರ. ದೀಪಾಲಿ ಸೇರಿಸಿದವರು.

"ಮೇಡಂ, ಫೋಟೋದಾಗ ಬಾಜು ಇರೋ ಕ್ಯಾಸೆಟ್ 'ಹಂತಿ ಪದಗಳು— ಎಸ್. ಬಿ. ಚೌಡಾಪುರ' ಅದ ಏನ್ರಿ? ಅದು ನಮ್ಮ ದೊಡ್ಡವ್ವಂದು."

ದೊಡ್ಡವ್ವನ ಹತ್ತಿರ ಇದ್ದ ಕ್ಯಾಸೆಟ್ ಅಂದುಕೊಂಡೆ. ನಮ್ಮದು ಅಪ್ಪ ಕೊಂಡಿದ್ದು ಅಂತ ಬರೆದೆ.

"ಹಾಂಗಲ್ರಿ. ಹಾಡಿದಾಕಿ ನಮ್ಮ ದೊಡ್ಡವ್ವ. ಸಾಬವ್ವ."

ಕವರ್ ಹೊರಳಿಸಿ ನೋಡಿದೆ. ಮೀಸೆ ಇರುವ ಮನುಷ್ಯ, ರುಮಾಲು, ಮುಂದೆ ಹಾರ್ಮೋನಿಯಂ. ಫೋಟೋ ಕಳಿಸಿದೆ.

"ಅಂವಾ ಪೆಟ್ಟಿಗಿ ಬಾರಸೋ ಮಾಸ್ತರ ಸಿದ್ದಲಿಂಗ. ಈಗಿಲ್ಲ. ದನಿ ದೊಡ್ಡವ್ವಂದೇ ರಿ."

ಸಣ್ಣವಳಿದ್ದಾಗ ದಿನಾ ಕೇಳಿದ್ದೇನೆ. ತಲೆಯಲ್ಲಿ ಇನ್ನೂ ಇದೆ— ದಪ್ಪ, ಒರಟು, ಗಾಳಿಗೆ ಎದುರು ನಿಂತ ದನಿ. ಎತ್ತು ಕಣ ತುಳಿಯುವಾಗ ಗಂಡಸರು ಹಾಡುವ ಪದ. ಅಪ್ಪ ಕೂಡ "ಗಂಡಸಂದ್ರ ಇಂವಾ" ಅನ್ನುತ್ತಿದ್ದ.

ಹೆಣ್ಣು!

೧೮ ಆಗಸ್ಟ್, ರವಿವಾರ

ಚೌಡಾಪುರಕ್ಕೆ ಹೋಗಿ ಬಂದೆವು. ದೀಪಾಲಿ ಕಾರು, ಅಂಬಾರಾಯ ಮಾಸ್ತರರು ರೋಡಿನ ಮೇಲೇ ನಿಂತಿದ್ದರು. ಗಾಣಗಾಪುರಕ್ಕೆ ಹೋಗುವ ಗಾಡಿಗಳ ಸಾಲು, ಅದರ ಹಿಂದೆ ಓಣಿ, ಓಣಿಯ ಕೊನೆಗೆ ಮನೆ. ಒಳಗೆ ಗೋಡೆಯ ಮೇಲೆ ಬಾಬಾಸಾಹೇಬರು, ನಮ್ಮ ಮನೆಯಲ್ಲಿದ್ದ ಹಾಗೇ.

ಸಾಬವ್ವ ಎತ್ತರದ ಹೆಣ್ಣುಮಗಳು. ಎಪ್ಪತ್ತು ಇರಬಹುದು, ಬೆನ್ನು ಬಾಗಿಲ್ಲ. ತೊಗರಿ ಒಡೆಯುತ್ತ ಕೂತಿದ್ದಳು. ಮಾತಾಡಿದಾಗ ನಾನು ಕಾದಿದ್ದ ದನಿ ಬರಲಿಲ್ಲ. ದಮ್ಮು. ಪ್ರತಿ ಮಾತಿಗೂ ನಿಲ್ಲುತ್ತಾಳೆ.

ನಾನು ಪಿಸುಗುಟ್ಟಿದೆ. ಆಕೆ ಕಿವಿ ಮುಂದೆ ತಂದಳು. ನಾನು ಕಿವಿ ಮುಂದೆ ತಂದೆ. ದೀಪಾಲಿ ಗೋಡೆ ಕಡೆ ಮುಖ ಮಾಡಿ ನಗುತ್ತಿದ್ದಳು.

"ಇಬ್ಬರದೂ ಒಂದs ಹಣೇಬಾರ ಆತಲ್ಲವ್ವ," ಅಂದಳು ಸಾಬವ್ವ, ತಾನೂ ನಕ್ಕಳು.

ನಿಧಾನವಾಗಿ ಹೇಳಿದಳು. ಗಂಡ ಹಂತಿ ಹಾಡುವವನು. ಒಂದು ವರ್ಷ ಸುಗ್ಗಿಯಲ್ಲಿ ಜ್ವರ ಬಂದು ಮಲಗಿದ. ಎತ್ತು ಪದ ಇಲ್ಲದೆ ತಿರುಗುತ್ತಿಲ್ಲ, ಗೌಡ ಒದರುತ್ತಿದ್ದಾನೆ. ಆಕೆ ಬಣವೆಯ ಹಿಂದೆ ನಿಂತು ತಾನೇ ಪದ ಹಾಡಿದಳಂತೆ. ಎತ್ತು ತಿರುಗಿದವು. ಎಲ್ಲರೂ ಗಂಡ ಎದ್ದು ಬಂದ ಅಂತಲೇ ತಿಳಿದರು. ಆಮೇಲೆ ಸಿದ್ದಲಿಂಗ ಮಾಸ್ತರ ಕೇಳಿಸಿಕೊಂಡು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದ, ಒಂದೇ ದಿನ ರೆಕಾರ್ಡ್ ಆಯ್ತು.

"ಕ್ಯಾಸೆಟ್ ಅದ ಏನ್ರಿ ನಿಮ್ಮ ಹತ್ರ?" ಕೇಳಿದೆ.

"ಒಂದಿತ್ತು. ಮಿಶಿನ್ ತಿಂತು." ಮತ್ತೆ ತೊಗರಿಗೆ ಕೈ ಹಾಕಿ, "ನಾ ಹ್ಯಾಂಗ ಹಾಡ್ತಿದ್ದೆ ನನಗs ನೆನಪಿಲ್ಲವ್ವ. ಮಂದಿ ಹೇಳಿದ್ದು ಅಷ್ಟು ನೆನಪದ."

"ಕವರ್ ಮ್ಯಾಲ ನಿಮ್ಮ ಹೆಸರು ಯಾಕಿಲ್ಲ?"

"ಹಾಕಲಿಲ್ಲ," ಅಂದಳು. ದಮ್ಮು ಎದ್ದಿತು. ಮುಂದೆ ಕೇಳಲಿಲ್ಲ. ಸಿಟ್ಟು ಮಾತ್ರ ಬಂತು. ಎಷ್ಟು ತಿಂಗಳಾಯ್ತು ಹಾಗೆ ಸಿಟ್ಟು ಬಂದು. ಒಳ್ಳೆಯದೇ ಅನಿಸಿತು.

ಹೊರಡುವಾಗ ಸೆರಗಿನ ತುಂಬ ತೊಗರಿಬೇಳೆ ಹಾಕಿದಳು. ಬೇಡ ಅನ್ನಲು ದನಿ ಎಲ್ಲಿತ್ತು.

೬ ಸೆಪ್ಟೆಂಬರ್, ಶುಕ್ರವಾರ

ಅಪ್ಪನ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ. ಹಾಕಿದರೆ ಹರಿಯುತ್ತದೆ. ಇರೋದು ಇದೊಂದೇ. ಅಂಬಾರಾಯ ಮಾಸ್ತರರು ಜೇವರ್ಗಿಯ ಖುರ್ಷಿದ ಅವರಿಗೆ ಕೊಡಿಸಿದ್ದಾರೆ. ಮೊದಲು ಟೇಪ್ ರಿಪೇರಿ ಮಾಡುತ್ತಿದ್ದರಂತೆ, ಈಗ ಮಿಕ್ಸರ್, ಫ್ಯಾನು.

ಫೋನು ಮಾಡಿದರು. "ಬೆಹೆನ್‌ಜಿ, ಆಗ್ತದ. ಖರೆ ಜಲ್ದಿ ಮಾಡಬ್ಯಾಡ್ರಿ ಅನ್ರಿ ಎಲ್ಲಾರಿಗೂ." ಅವರಿಗೆ ಉತ್ತರ ಕೊಡುವ ಹಾಗಿಲ್ಲ ನಾನು, ಹ್ಞೂಂ ಅಂದೆ. ಅದು ಅವರಿಗೆ ಕೇಳಿಸಿತು! ಹ್ಞೂಂ ಕೇಳಿಸಿತು.

ಸತೀಶರಿಗೆ ಹೇಳಿದೆ. "ಇನ್ನೊಮ್ಮೆ ಅನ್ನು," ಅಂದರು. ಅಂದೆ. ಕೆಳಗಿನ ದನಿ, ಒರಟು, ನನ್ನದಲ್ಲದ್ದು. ಅವರ ಕಣ್ಣು ತುಂಬಿತು. ನನಗೆ ನಗು.

೨೨ ಸೆಪ್ಟೆಂಬರ್, ರವಿವಾರ

ಬರೆದಿಡಬೇಕು, ಮರೆಯುವ ಮೊದಲು.

ಖುರ್ಷಿದ ಅವರು ಟೇಪು ಕೈಯಿಂದಲೇ ಒರೆಸಿ, ಹೊಸ ಡಬ್ಬಿಗೆ ಸುತ್ತಿ, ಫೋನಿಗೆ ಇಳಿಸಿ ಕೊಟ್ಟಿದ್ದಾರೆ. ಏನು ಕೊಡಬೇಕು ಅಂದರೆ, "ನನಗೂ ಒಂದು ಕಾಪಿ ಇರ್ಲಿ" ಅಂದರಂತೆ. ಅಷ್ಟೇ.

ಚೌಡಾಪುರದಲ್ಲಿ ಕಟ್ಟೆಯ ಮೇಲೆ ಕೂತೆವು. ಮಾಸ್ತರರು ಸ್ಪೀಕರ್ ಹಚ್ಚಿದರು. ಮೊದಲು ಹಾರ್ಮೋನಿಯಂ, ಆಮೇಲೆ ಆ ದನಿ.

'ಹೊತ್ತು ಮುಳಗ್ಯಾದ, ಎತ್ತು ದಣದಾವ...'

ಸಾಬವ್ವ ಅಳಲಿಲ್ಲ. ಅಳುತ್ತಾಳೆ ಅಂದುಕೊಂಡಿದ್ದೆವು. ಹುಬ್ಬು ಗಂಟು ಹಾಕಿ ಕೇಳಿದಳು, ಬೇರೆ ಯಾರನ್ನೋ ಪರೀಕ್ಷೆ ಮಾಡುವವಳ ಹಾಗೆ. ಬೆರಳು ತೊಡೆಯ ಮೇಲೆ ಬಡಿಯುತ್ತಿತ್ತು. ಎರಡನೇ ಪದಕ್ಕೆ ಅಂದಳು:

"ಎಷ್ಟು ಜೋರ ಅದಾಳ ಈಕಿ."

ಸ್ಪೀಕರಿನ ಕಡೆ ಬೆರಳು ಮಾಡಿದಳು.

"ಪೆಟ್ಟಿಗಿ ಮಾಸ್ತರ ಹಿಂದ ಬಿದ್ದಾನ ನೋಡು. ಈಕಿ ನಿಂದ್ರಂಗಿಲ್ಲ."

ಓಣಿಯ ಹೆಂಗಸರು ಬಂದು ನಿಂತರು. ಸೊಸೆ ರೊಟ್ಟಿ ಬಡಿಯುವುದು ಬಿಟ್ಟು ಬಂದಳು. ಇಷ್ಟು ವರ್ಷ ಅದೇ ಮನೆಯಲ್ಲಿದ್ದವಳಿಗೂ ಸಾಬವ್ವನಿಗೆ ಇಂಥ ದನಿ ಇತ್ತೆಂದು ಗೊತ್ತಿರಲಿಲ್ಲ. ಅತ್ತೆಯ ಮುಖ ನೋಡಿದಳು, ಸ್ಪೀಕರ್ ನೋಡಿದಳು, ಮತ್ತೆ ಅತ್ತೆ.

ಹಾಡು ಮುಗಿದ ಮೇಲೆ ಸಾಬವ್ವ ನನ್ನ ಕೈ ಹಿಡಿದು, "ಇದನ್ನ ಮಂದಿ ಕೇಳ್ತಾರೇನು ಈಗ?" ಅಂದಳು.

ಕೇಳುತ್ತಾರೆ, ಕೇಳಿಸೋಣ ಅಂತ ತಲೆ ಆಡಿಸಿದೆ. ಆದರೆ ರೆಕಾರ್ಡಿಂಗ್ ಕಂಪನಿಯದು. ಅವರನ್ನು ಕೇಳದೆ ಹಾಕುವ ಹಾಗಿಲ್ಲ. ಮತ್ತು ಆ ಹೆಸರಿನ ಲೆಕ್ಕ ಚುಕ್ತಾ ಆಗಬೇಕು.

೧೧ ಅಕ್ಟೋಬರ್, ಶುಕ್ರವಾರ

ಸೊಲ್ಲಾಪುರದಿಂದ ಈಗ ಬಂದೆ. ಖಜೂರಿ ದಾಟುವಾಗ ಕಬ್ಬಿನ ಲಾರಿ ಅಡ್ಡ ನಿಂತು ತಡವಾಯ್ತು. ಬಸ್ಸಿನಲ್ಲಿ ಮನಸ್ಸಿನಲ್ಲೇ ವಾದ ಮಾಡುತ್ತಾ ಹೋಗಿದ್ದೆ. ಬ್ಯಾಗಿನಲ್ಲಿ ನೋಟಿಸಿನ ಡ್ರಾಫ್ಟು. ಒಬ್ಬ ಹೆಣ್ಣುಮಗಳ ದನಿ ಮಾರಿ ಗಂಡಸಿನ ಮುಖ ಹಚ್ಚಿದ ಕಂಪನಿ... ಒಳ್ಳೇ ಡ್ರಾಫ್ಟು.

ಕಂಪನಿಯ ಅಂಗಡಿಯಲ್ಲಿ ಈಗ ಕ್ಯಾಸೆಟ್ ಇಲ್ಲ. ಮದುವೆಗೆ ಸೌಂಡ್ ಬಾಡಿಗೆ ಕೊಡುತ್ತಾರೆ. ನಂದಕಿಶೋರ, ಹಳೆಯ ಮಾಲೀಕರ ಮಗ, ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ರಸ್ತೆಯ ಗದ್ದಲ. ಎರಡು ಸಲ ಹೇಳಿದೆ, ಕೇಳಿಸಲಿಲ್ಲ. ನನ್ನ ಕುತ್ತಿಗೆಯ ಆಪರೇಶನ್ ಗೆರೆ ನೋಡಿದರು. ಏನೂ ಕೇಳದೆ ಎದ್ದು ಹೋಗಿ ಶಟರ್ ಅರ್ಧ ಇಳಿಸಿದರು, ಚೆಕ್ ಮಾಡುತ್ತಿದ್ದ ಆಂಪ್ಲಿಫೈಯರ್ ಬಂದ್ ಮಾಡಿಸಿದರು, ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

"ಈಗ ಹೇಳ್ರಿ. ನನಗ ಗಡಿಬಿಡಿ ಇಲ್ಲ."

ಎಲ್ಲ ಹೇಳಿದೆ. ಆ ಹೊಸ ಒರಟು ದನಿ ನಡುನಡುವೆ ಬಂತು. ಪೂರ್ತಿ ಕೇಳಿದರು.

"ಚೌಡಾಪುರದ ಅಮ್ಮ ನನಗ ನೆನಪದಾರ್ರಿ. ನಾ ಆಗ ಒಂಬತ್ತನೇ ಕ್ಲಾಸಿನ್ಯಾಗಿದ್ದೆ. ಅಪ್ಪ ಅವರ ಫೋಟೋ ತೆಗಸಾಕ ಮಾಡಿದ್ರು, ಸ್ಟುಡಿಯೋದವನನ್ನ ಕರಿಸಿದ್ರು. ಅವರs ಬ್ಯಾಡ ಅಂದ್ರು. ಹೆಸರೂ ಬ್ಯಾಡ ಅಂದ್ರು. ಅಪ್ಪ ಭಾಳ ಹೇಳಿದ್ರು, ಕೇಳಲಿಲ್ಲ."

ನೋಟಿಸ್ ಬ್ಯಾಗಿನಲ್ಲೇ ಉಳಿಯಿತು.

ಹಾಡು ಹಾಕಿಕೊಳ್ಳಲು ಬರೆದು ಕೊಟ್ಟಿದ್ದಾರೆ. ಒಂದೇ ಶರತ್ತು— ಅಮ್ಮನಿಗೆ ಒಪ್ಪಿಗೆ ಇರಬೇಕು. ಇಷ್ಟು ಮರ್ಯಾದೆಯ ಮನುಷ್ಯನ ಜೊತೆ ಜಗಳಕ್ಕೆ ಅಂತ ಹೋಗಿದ್ದೆ. ಚಹಾ ಕುಡಿಸಿ ಬಸ್ಸಿಗೆ ಹತ್ತಿಸಿದರು.

೨೦ ಅಕ್ಟೋಬರ್, ರವಿವಾರ

ಮತ್ತೆ ಚೌಡಾಪುರ.

"ಹೌದು, ನಾನs ಬ್ಯಾಡಂದಿದ್ದೆ," ಅಂದಳು ಸಾಬವ್ವ, ಏನೂ ಆಗಿಲ್ಲ ಅನ್ನುವ ಹಾಗೆ.

"ಮೊದಲs ಹೇಳಬಹುದಿತ್ತಲ್ರಿ ದೊಡ್ಡವ್ವ."

"ನೀ ಪೂರ್ತಿ ಕೇಳಲಿಲ್ಲ. ಸಿಟ್ಟಿಗಿ ಬಂದು ಎದ್ದು ಹೋದಿ."

ನಿಜ.

"ಹೆಣ್ಣಮಗಳು ಹಂತಿ ಹಾಡಿದ್ರ ಕಣದಾಗ ಬರಕತ್ತ ಇರಂಗಿಲ್ಲ, ರಾಶಿ ಕಡಿಮಿ ಬೀಳ್ತದ ಅಂತಿದ್ರು. ಹೆಸರು ಬಂದಿದ್ರ ಮುಂದಿನ ಸುಗ್ಗಿಗಿ ನನ್ನ ಯಾರ ಕರೀತಿದ್ರು ಕೂಲಿಗಿ? ಮಕ್ಕಳು ಸಣ್ಣವು. ಎಸ್ ಅಂದ್ರ ಸಾಬವ್ವ, ಬಿ ಅಂದ್ರ ನಮ್ಮಪ್ಪನ ಹೆಸರು. ಪೆಟ್ಟಿಗಿ ಮಾಸ್ತರ ಹೇಳಿದ್ದ. ಆಗ ಅಷ್ಟು ಸಾಕಿತ್ತು ನನಗ."

"ಈಗ?"

ದಮ್ಮು ಇಳಿಯುವವರೆಗೆ ಕಾದಳು.

"ಆಗ ಬ್ಯಾಡಾಗಿತ್ತು. ಈಗ ಬೇಕು. ಪೂರ್ತಿ ಬರಿ. ಸಾಬವ್ವ ಅಂತ ಬರಿ, ಊರ ಹೆಸರೂ ಬರಿ. ಸಿದ್ದಲಿಂಗ ಮಾಸ್ತರಂದೂ ಹಾಕು. ಅಂವಾ ಇಲ್ಲಂದ್ರ ಎಲ್ಲಿ ಸೊಲ್ಲಾಪುರ, ಎಲ್ಲಿ ನಾನು."

ಹಾಗೇ ಹಾಕಿದೆವು. ಅಂಬಾರಾಯ ಮಾಸ್ತರರು ಕಟ್ಟೆಯ ಮೇಲೇ ಫೋಟೋ ತೆಗೆದರು. ಸೊಸೆ ತನ್ನ ಹೊಸ ಸೀರೆ ತಂದು ಉಡಿಸಿದಳು. ಗ್ರೂಪಿನಲ್ಲಿ ಬರೆಯಲು ಕೂತರೆ ಏನೂ ತೋಚಲಿಲ್ಲ. ಕೊನೆಗೆ: "ಇದನ್ನು ಇಪ್ಪತ್ತು ವರ್ಷ ಗಂಡಸಿನ ದನಿ ಅಂತ ಕೇಳಿದ್ದೆ. ಈಗ ಮೊದಲ ಸಲ ಕೇಳುತ್ತಿದ್ದೇನೆ. ನೀವೂ ಕೇಳಿ ನೋಡಿ."

೨೧ ಅಕ್ಟೋಬರ್, ಸೋಮವಾರ

ಗ್ರೂಪು ತುಂಬಿ ಹೋಗಿದೆ. ಬ್ಯಾಂಕಿನ ಕ್ಯಾಶಿಯರ್ ಬರೆದಿದ್ದಾರೆ, ಅವರ ಅಪ್ಪ ಹಾಸಿಗೆಯಲ್ಲೇ ತಾಳಕ್ಕೆ ಕಾಲು ಬಡಿದರಂತೆ. ಬಂದದ್ದನ್ನೆಲ್ಲ ಮಾಸ್ತರರು ದೊಡ್ಡವ್ವನಿಗೆ ಓದಿ ಹೇಳುತ್ತಿದ್ದಾರೆ. ಆಕೆ ಮತ್ತೆ ಮತ್ತೆ ಕೇಳಿದ್ದು ಒಂದೇ: "ಹೆಸರು ಬರದಾರೇನು?"

೧೬ ನವೆಂಬರ್, ಶನಿವಾರ

ಡಾಕ್ಟರು ನೋಡಿದರು. ಎಡಗಡೆಯದು ಅಲ್ಲಾಡುತ್ತಿಲ್ಲ, ಅಲ್ಲಾಡಲಿಕ್ಕಿಲ್ಲ. ಬಲಗಡೆಯದು ತಾನೇ ದಾಟಿ ಬಂದು ಅದನ್ನು ಮುಟ್ಟುತ್ತಿದೆಯಂತೆ. ಅದಕ್ಕೇ ದನಿ. ಹಳೆಯದು ಬರುವುದಿಲ್ಲ, ಇದೇ ಇನ್ನು. ಬೇಕಿದ್ದರೆ ಮುಂದೆ ಇನ್ನೊಂದು ಸಣ್ಣ ಆಪರೇಶನ್.

ವಾಪಸು ಬರುವಾಗ ಅತ್ತುಬಿಟ್ಟೆ. ಸುಳ್ಳು ಬರೆಯಬಾರದು, ಭಾಳ ಅತ್ತೆ. ಸತೀಶ ಗಾಡಿ ಬದಿಗೆ ನಿಲ್ಲಿಸಿದರು. ಆಮೇಲೆ ಅಂದರು, "ಇನ್ನೊಂದ ಕಡೀದು ದಾಟಿ ಬರ್ತದಂತಲ್ಲ, ಯಾರೂ ಕರೀದನs." ಶುಗರ್ ಫ್ಯಾಕ್ಟರಿಯ ಕೆಮಿಸ್ಟ್ ಅಂಥ ಮಾತು ಆಡಬೇಕಾದರೆ...

ಆಪರೇಶನ್ ಸದ್ಯಕ್ಕೆ ಬೇಡ ಅಂದೆ. ಜೋರಾಗೇ ಅಂದೆ.

೨೫ ನವೆಂಬರ್, ಸೋಮವಾರ

ಮಹಾನಂದಾ ಕೇಸು ಕರೆದರು. ಎದ್ದೆ. ಕೋರ್ಟ್ ಹಾಲು ತುಂಬಿತ್ತು. ಮೊದಲ ವಾಕ್ಯ ಹೊರಗೆ ಬಂತು, ಕಲ್ಲಿನ ಮೇಲೆ ತಗಡು ಎಳೆದ ಹಾಗೆ. ಹಿಂದೆ ಯಾರೋ ಕಿಸಕ್ಕೆಂದರು. ಜಡ್ಜ್ ಸಾಹೇಬರು ಮುಂದೆ ಬಾಗಿ, "ಕೇಳಿಸುತ್ತಿಲ್ಲ, ಮೇಡಂ," ಅಂದರು.

ಆಗ ವ್ಯಂಕಟೇಶ ಸರ್ ಎದ್ದರು. ವಾಯಿದೆ ಕೇಳುತ್ತಾರೆ ಅಂದುಕೊಂಡೆ. ಇಲ್ಲ. ಗೋಡೆಯ ಹತ್ತಿರ ಹೋಗಿ ಫ್ಯಾನಿನ ಬಟನ್ ಒತ್ತಿದರು. ಒಂದು, ಎರಡು, ಎಲ್ಲ. ಗರಗರ ನಿಂತಿತು. ಕಿಟಕಿಯನ್ನೂ ಹಾಕಿದರು. ಬೆವರೊರೆಸಿಕೊಂಡು ಜಾಗಕ್ಕೆ ಬಂದು ಕೂತರು.

"ಈಗ ಕೇಳಿಸ್ತದ, ಮಹಾಸ್ವಾಮಿ."

ಅವರ ಕಕ್ಷಿದಾರ ಅವರನ್ನೇ ಬಾಯಿ ಬಿಟ್ಟು ನೋಡುತ್ತಿದ್ದ.

ವಾದ ಮಾಡಿದೆ. ಮೊದಲಿನ ಹಾಗೆ ಮೇಲೆ ಏರಲು ಹೋಗಲಿಲ್ಲ. ಕೆಳಗೇ ಇದ್ದೆ. ಸಣ್ಣ ವಾಕ್ಯ, ಉಸಿರು, ಮತ್ತೆ ವಾಕ್ಯ. ಉಸಿರು ಎಳೆದಿದ್ದು ಕೇಳಿಸಿದರೆ ಕೇಳಿಸಲಿ. ಸರ್ ಎದ್ದು ನನ್ನ ವಾದವನ್ನು ಚಿಂದಿ ಮಾಡಲು ನೋಡಿದರು, ಯಾವ ದಯೆಯೂ ಇಲ್ಲದೆ. ಅದಕ್ಕೂ ಕೈ ಮುಗಿಯಬೇಕು.

ಮಧ್ಯಂತರ ಜೀವನಾಂಶ ಆಯ್ತು. ಹೊರಗೆ ಮಹಾನಂದಾ ಅಂದಳು: "ಈ ದನಿ ಚಲೋ ಅದ್ರಿ ಮೇಡಂ. ಅಂಜಿಕಿ ಬರ್ತದ."

ಬೇವಿನ ಗಿಡದ ಕೆಳಗೆ ಸರ್ ಚಹಾ ಕುಡಿಯುತ್ತಿದ್ದರು. ಹೋಗಿ ನಿಂತೆ. ಅವರೇ, "ಮುಂದಿನ ರವಿವಾರ ಯಾವದು ಕೇಳಬೇಕ್ರಿ?" ಅಂದರು.

೮ ಡಿಸೆಂಬರ್, ರವಿವಾರ

ಇವತ್ತು ಬರೆಯಲಿಲ್ಲ. ವಾಯ್ಸ್ ಮೆಸೇಜ್ ಹಾಕಿದೆ, ಗ್ರೂಪಿನಲ್ಲಿ ನನ್ನದು ಮೊದಲನೇದು. ಬೆಳಿಗ್ಗೆಯಿಂದ ನಾಲ್ಕೈದು ಸಲ ಅಳಿಸಿದ್ದೆ. ಕೊನೆಗೆ ಅಡಿಗೆಮನೆಯಲ್ಲಿ ನಿಂತು ಹೇಳಿಬಿಟ್ಟೆ, ಕುಕ್ಕರ್ ಕೂಗುವ ಮೊದಲು. ಜುಲೇಖಾ ಬೀದರಿಯ ಎರಡನೇ ಆಲ್ಬಮ್. ಮೊದಲನೇದಕ್ಕಿಂತ ಚೆನ್ನಾಗಿದೆ, ಯಾರಿಗೂ ಗೊತ್ತಿಲ್ಲ ಅಂತ.

ದೀಪಾಲಿ ಉತ್ತರ ಕೊಡಲಿಲ್ಲ. ನೇರ ಫೋನು ಮಾಡಿ, ಮೂಗು ಸೀಟಿ, ಇಟ್ಟಳು.

ಆಮೇಲೆ ಅಂಬಾರಾಯ ಮಾಸ್ತರರ ನಂಬರಿನಿಂದ ಫೋನು. ಎತ್ತಿದರೆ ದೊಡ್ಡವ್ವ.

"ಯಾರವ್ವ ಅದು, ಫೋನಿನಾಗ ಮಾತಾಡಿದಾಕಿ? ಮಾಸ್ತರ ನಿನ್ನ ಹೆಸರು ಹೇಳಾಕತ್ತಾನ. ನನಗ ಖರೆ ಅನಸಲಿಲ್ಲ."

"ನಾನs ರಿ ದೊಡ್ಡವ್ವ."

"ನೀನs?"

"ಹೌದ್ರಿ. ನನ್ನ ದನೀನs."

ಇನ್ನೊಮ್ಮೆ ಹೇಳು ಅನ್ನಲಿಲ್ಲ. ಒಂದೇ ಸಲಕ್ಕೆ ಕೇಳಿಸಿತು ಆಕೆಗೆ. ಸ್ವಲ್ಪ ಹೊತ್ತು ಬರೀ ಉಸಿರು, ಆ ಕಡೆಯದೂ ಈ ಕಡೆಯದೂ. ಆಮೇಲೆ, "ಯಾವಾಗ ಬರ್ತಿ?" ಅಂದಳು.

ಸತೀಶ ಗಾಡಿ ಹೊರಗೆ ತೆಗೆದಿದ್ದಾರೆ, ಹಾರ್ನ್ ಹೊಡೆಯುತ್ತಿದ್ದಾರೆ. ಬಂದೆ ಅಂತ ಇಲ್ಲಿಂದಲೇ ಕೂಗಿದೆ, ಕೇಳಿಸಿರಬೇಕು, ಹಾರ್ನ್ ನಿಂತಿತು. ಉಳಿದದ್ದು ಚೌಡಾಪುರದಿಂದ ಬಂದ ಮೇಲೆ—